ಕಾಗದದ ಕೊನೆಯ ನಾಲ್ಕು ಸಾಲು

ಅಂಗಡಿಯ ಮುಂದೆ ಹೆಸರಿನ ಹಲಗೆ ಇರಬೇಕೆಂಬುದನ್ನು ವ್ಯಾಪಾರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಹಲಗೆಯ ಬಣ್ಣ ಮಾಸಿದರೆ ದೀಪಾವಳಿಗೆ ಮುಂಚೆ ಹೊಸದಾಗಿ ಬರೆಸುತ್ತಾನೆ. ಆದರೆ ಅದೇ ಅಂಗಡಿಯಿಂದ ದಿನವೂ ಊರೂರಿಗೆ ಹೋಗುವ ಈ-ಮೇಲ್‌ಗಳ ಕೊನೆಯಲ್ಲಿ ಏನು ಬರೆದಿದೆಯೆಂದು ಕೇಳಿದರೆ, ಹತ್ತರಲ್ಲಿ ಎಂಟು ಮಂದಿ ತಲೆ ಕೆರೆದುಕೊಳ್ಳುವರೆಂದು ನನ್ನ ಊಹೆ. ಆ ಕೊನೆಯ ಕೆಲವು ಸಾಲುಗಳಿಗೆ ಇಂಗ್ಲಿಷಿನ ‘ಸಿಗ್ನೇಚರ್’ ಎಂಬ ಹೆಸರೇ ನಮ್ಮಲ್ಲಿ ನಿಂತಿದೆ. ಕೈಬರಹದ ರುಜುವಿಗೂ ಇದಕ್ಕೂ ಹೆಸರೊಂದೇ ಆದರೂ ಕೆಲಸ ಬೇರೆ. ಕೈರುಜು ‘ಇದನ್ನು ಬರೆದವನು ನಾನೇ’ ಎನ್ನುತ್ತದೆ. ಈ-ಮೇಲಿನ ರುಜು ‘ನಾನು ಇಂಥವನು, ಇಂಥ ಕಡೆ ಸಿಗುತ್ತೇನೆ, ಇಂಥ ಕೆಲಸ ಮಾಡುತ್ತೇನೆ’ ಎನ್ನುತ್ತದೆ. ಒಮ್ಮೆ ಬರೆದು ಪೆಟ್ಟಿಗೆಯಲ್ಲಿ ಕೂಡಿಸಿಟ್ಟರೆ ಸಾಕು, ಮುಂದೆ ಹೋಗುವ ಪ್ರತಿಯೊಂದು ಪತ್ರದ ಕಾಲಿಗೂ ತಾನಾಗಿ ಬಂದು ಸೇರುತ್ತದೆ.

ಬರಹದ ಕೊನೆಗೆ ಗುರುತು ಇಡುವ ವಾಡಿಕೆ ನಮ್ಮ ನಾಡಿಗೆ ಹೊಸದಲ್ಲ. ವಿಜಯನಗರದ ಅರಸರ ತಾಮ್ರಶಾಸನಗಳು ನಾಗರಿ ಲಿಪಿಯ ಸಂಸ್ಕೃತದಲ್ಲಿದ್ದರೂ ಕಟ್ಟಕಡೆಗೆ ‘ಶ್ರೀ ವಿರೂಪಾಕ್ಷ’ ಎಂಬ ಒಪ್ಪ ಕನ್ನಡ ಅಕ್ಷರಗಳಲ್ಲಿ ಇರುವುದನ್ನು ಇತಿಹಾಸದ ತರಗತಿಯಲ್ಲಿ ನಾವೆಲ್ಲರೂ ಕೇಳಿದ್ದೇವೆ. ವಚನಕಾರರ, ಹರಿದಾಸರ ಅಂಕಿತಗಳ ಮಾತಂತೂ ಸರಿಯೇ ಸರಿ. ಆದರೆ ಅವು ತಮ್ಮ ಹೆಸರನ್ನು ಹಿಂದಿಟ್ಟು ದೇವರ ಹೆಸರನ್ನು ಮುಂದಿಟ್ಟ ಅಂಕಿತಗಳು. ವ್ಯಾಪಾರಿಯ ಅಂಕಿತಕ್ಕೆ ಅಷ್ಟು ವೈರಾಗ್ಯ ಸಲ್ಲದು.

ಹಿಂದಿನ ವರ್ತಕರು ತಮ್ಮ ವಿವರಗಳನ್ನು ಕಾಗದದ ನೆತ್ತಿಯ ಮೇಲೆ ಅಚ್ಚುಹಾಕಿಸುತ್ತಿದ್ದರು. ನಡುವೆ ದೊಡ್ಡಕ್ಷರದಲ್ಲಿ ಅಂಗಡಿಯ ಹೆಸರು, ಬಲಗಡೆ ದೂರವಾಣಿ, ಎಡಗಡೆ ‘ತಂತಿ’ ಎಂದು ಬರೆದು ಒಂದೇ ಪದದ ತಂತಿ ವಿಳಾಸ. ತಂತಿಯಲ್ಲಿ ಪ್ರತಿ ಪದಕ್ಕೂ ಕಾಸು ತೆರಬೇಕಾಗಿದ್ದುದರಿಂದ ಇಡೀ ವಿಳಾಸವನ್ನು ಒಂದು ಪದಕ್ಕೆ ಇಳಿಸಿ ನೋಂದಾಯಿಸಿಕೊಳ್ಳುವ ಏರ್ಪಾಡಿತ್ತು. 2013ರ ಜುಲೈ ತಿಂಗಳಲ್ಲಿ ನಮ್ಮ ದೇಶದ ತಂತಿಸೇವೆಯೇ ನಿಂತುಹೋಯಿತು. ಈ-ಮೇಲಿನಲ್ಲಿ ನೆತ್ತಿಯ ಜಾಗವನ್ನು ಕಳುಹಿಸಿದವರ ಹೆಸರೂ ವಿಷಯದ ಸಾಲೂ ಆಕ್ರಮಿಸಿಕೊಂಡಿವೆ. ಮಿಕ್ಕ ವಿವರಗಳೆಲ್ಲ ಕಾಲಬುಡಕ್ಕೆ ಇಳಿಯಬೇಕಾಯಿತು.

ಈ ಕಾಲಬುಡದ ಜಾಗಕ್ಕೂ ಒಂದು ಶಿಸ್ತು ಬಹಳ ಹಿಂದೆಯೇ ಹುಟ್ಟಿತು. 1995ರ ಅಕ್ಟೋಬರಿನಲ್ಲಿ ಅಂತರ್ಜಾಲದ ಶಿಷ್ಟಾಚಾರವನ್ನು ಕುರಿತು ‘ಆರ್‌ಎಫ್‌ಸಿ 1855’ ಎಂಬ ಲೇಖ್ಯ ಪ್ರಕಟವಾಯಿತು. ರುಜು ನಾಲ್ಕು ಸಾಲುಗಳನ್ನು ಮೀರದಿರುವುದು ಒಳ್ಳೆಯದು, ಏಕೆಂದರೆ ಅನೇಕರು ಸಂಪರ್ಕಕ್ಕಾಗಿ ನಿಮಿಷದ ಲೆಕ್ಕದಲ್ಲಿ ಹಣ ತೆರುತ್ತಾರೆ, ನಿಮ್ಮ ಬರಹ ಉದ್ದವಾದಷ್ಟೂ ಅವರ ಖರ್ಚು ಹೆಚ್ಚುತ್ತದೆ ಎಂಬುದು ಅದರ ಬುದ್ಧಿವಾದ. ಪತ್ರದ ಒಡಲಿಗೂ ರುಜುವಿಗೂ ನಡುವೆ ಎರಡು ಅಡ್ಡಗೆರೆಗಳನ್ನೂ ಒಂದು ಖಾಲಿ ಜಾಗವನ್ನೂ ಬಿಡುವ ಪದ್ಧತಿ ಆಗಲೇ ಇತ್ತು. ಆ ಗುರುತನ್ನು ಕಂಡರೆ, ಉತ್ತರ ಬರೆಯುವಾಗ ರುಜುವಿನ ಭಾಗವನ್ನು ಗಣಕಯಂತ್ರವೇ ಕೈಬಿಡಬಹುದು. ಈಗ ನಿಮಿಷದ ಲೆಕ್ಕ ಹೋಗಿದೆ. ಓದುವವನ ಕಣ್ಣಿನ ಲೆಕ್ಕ ಮಾತ್ರ ಹೋಗಿಲ್ಲ.

ಇನ್ನು ಈ ಸಾಲುಗಳು ವ್ಯಾಪಾರವನ್ನು ಬೆಳೆಸಬಲ್ಲವೆ ಎಂಬ ಪ್ರಶ್ನೆ. ಇದಕ್ಕೆ ಜಗತ್ಪ್ರಸಿದ್ಧವಾದ ಉದಾಹರಣೆ ಹಾಟ್‌ಮೇಲ್. ಅದರ ಸ್ಥಾಪಕರಿಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಚಂಡೀಗಢದಲ್ಲಿ ಹುಟ್ಟಿ, ನಮ್ಮ ಬೆಂಗಳೂರಿನಲ್ಲಿ ಬೆಳೆದವರು ಎಂಬುದು ನಮಗೆ ಸ್ವಲ್ಪ ಹೆಮ್ಮೆಯ ಸಂಗತಿ. ಮತ್ತೊಬ್ಬರು ಜ್ಯಾಕ್ ಸ್ಮಿತ್. ಯಾವ ಗಣಕಯಂತ್ರದ ಮುಂದೆ ಕುಳಿತರೂ ಜಾಲತಾಣದ ಮೂಲಕ ತಮ್ಮ ಅಂಚೆಯನ್ನು ತೆರೆದು ನೋಡುವ ಉಚಿತ ಸೌಕರ್ಯವನ್ನು ಇವರು 1996ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯದಿನದಂದೇ, ಆರಂಭಿಸಿದರು. ಕೈಯಲ್ಲಿದ್ದ ಬಂಡವಾಳ ಅಲ್ಪ. ಡ್ರೇಪರ್ ಫಿಷರ್ ಜರ್ವೆಟ್ಸನ್ ಎಂಬ ಬಂಡವಾಳಸಂಸ್ಥೆ ಮೊದಲು ಕೊಟ್ಟದ್ದು ಮೂರು ಲಕ್ಷ ಡಾಲರು. ದೊಡ್ಡ ದೊಡ್ಡ ಪತ್ರಿಕೆಗಳಲ್ಲೂ ಟೆಲಿವಿಷನ್ನಿನಲ್ಲೂ ಜಾಹೀರಾತು ಕೊಡುವ ಕಂಪನಿಗಳ ಎದುರಿಗೆ ಈ ಹಣ ಯಾವ ಮೂಲೆಗೆ?

ಆಗ ಆ ಬಂಡವಾಳಸಂಸ್ಥೆಯ ಟಿಮ್ ಡ್ರೇಪರ್ ಒಂದು ಸಲಹೆ ಮಾಡಿದರು. ಬಳಕೆದಾರರು ಕಳುಹಿಸುವ ಪ್ರತಿಯೊಂದು ಪತ್ರದ ಕೆಳಗೂ ‘ನಿಮ್ಮ ಉಚಿತ ಈ-ಮೇಲನ್ನು ಹಾಟ್‌ಮೇಲಿನಲ್ಲಿ ಪಡೆಯಿರಿ’ ಎಂಬ ಅರ್ಥದ ಒಂದು ಸಾಲನ್ನು ಸೇರಿಸಬೇಕು ಎಂಬುದೇ ಆ ಸಲಹೆ. ಸ್ಥಾಪಕರು ಮೊದಲು ಹಿಂಜರಿದರು. ಬೇರೊಬ್ಬರ ಖಾಸಗಿ ಪತ್ರದೊಳಗೆ ನಾವು ಕೈಹಾಕುವುದೆ ಎಂಬ ಅಳುಕು ಅವರದು. ಆ ಅಳುಕು ತಪ್ಪೆಂದು ನನಗೆ ತೋರುವುದಿಲ್ಲ. ಮಗ ತಾಯಿಗೆ ಬರೆದ ಕಾಗದದ ಕೆಳಗೆ, ಅಥವಾ ಸಾವಿನ ಮನೆಗೆ ಬರೆದ ಸಾಂತ್ವನದ ಕಾಗದದ ಕೆಳಗೆ, ಬರೆದವನು ಹೇಳದ ಮಾತೊಂದು ಬಂದು ನಿಂತರೆ ಹೇಗಿರುತ್ತದೆ? ಏನೇ ಇರಲಿ, ಕೊನೆಗೆ ಆ ಸಾಲು ಸೇರಿತು.

ಪರಿಣಾಮ ಆಶ್ಚರ್ಯಕರವಾಯಿತು. ಒಂದೂವರೆ ವರ್ಷದಲ್ಲಿ ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಜನ ಹಾಟ್‌ಮೇಲಿನ ಬಳಕೆದಾರರಾದರು. ಅಷ್ಟರಲ್ಲಿ ಪ್ರಚಾರಕ್ಕಾಗಿ ಮಾಡಿದ ಖರ್ಚು ಐದು ಲಕ್ಷ ಡಾಲರಿಗಿಂತ ಕಡಮೆಯೆಂದು ಬಂಡವಾಳ ಹೂಡಿದವರೇ ಬರೆದಿದ್ದಾರೆ. ಯಾವುದಾದರೂ ಊರಿನಿಂದ ಒಬ್ಬ ಬಳಕೆದಾರ ಸೇರಿದರೆ, ಅವನು ಕಾಗದ ಬರೆದ ಗೆಳೆಯರು, ಅವರು ಕಾಗದ ಬರೆದ ಗೆಳೆಯರು, ಹೀಗೆ ಒಂದು ದೀಪದಿಂದ ಇನ್ನೊಂದು ಹತ್ತಿದಂತೆ ಆ ಊರೆಲ್ಲ ಹಬ್ಬುತ್ತಿತ್ತಂತೆ. ಭಾರತದಲ್ಲಿ ಯಾವ ಪ್ರಚಾರವನ್ನೂ ಮಾಡದೆಯೇ ಹಾಟ್‌ಮೇಲ್ ಇಲ್ಲಿನ ಅತಿ ದೊಡ್ಡ ಈ-ಮೇಲ್ ಸೇವೆಯಾಯಿತೆಂದೂ ಅವರು ಹೇಳಿಕೊಂಡಿದ್ದಾರೆ. ಈ ಬಗೆಯ ಹರಡುವಿಕೆಗೆ ‘ವೈರಲ್ ಮಾರ್ಕೆಟಿಂಗ್’ ಎಂಬ ಹೆಸರು ರೂಢಿಗೆ ಬಂದುದರಲ್ಲಿ ಅವರ ಬರಹದ ಪಾಲು ದೊಡ್ಡದು. 1997ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಕಂಪನಿ ಹಾಟ್‌ಮೇಲನ್ನು ಕೊಂಡುಕೊಂಡಿತು. ಬೆಲೆ ಸುಮಾರು ನಲವತ್ತು ಕೋಟಿ ಡಾಲರೆಂದು ವರದಿಯಾಯಿತು. 2013ರಲ್ಲಿ ಅದರ ಬಳಕೆದಾರರನ್ನೆಲ್ಲ ಔಟ್‌ಲುಕ್ ಎಂಬ ಹೊಸ ಹೆಸರಿನ ಸೇವೆಗೆ ವರ್ಗಾಯಿಸಲಾಯಿತು. 2007ರಲ್ಲಿ ಬಂದ ಐಫೋನ್ ಕೂಡ ‘ನನ್ನ ಐಫೋನಿನಿಂದ ಕಳುಹಿಸಿದುದು’ ಎಂಬ ಸಾಲನ್ನು ತಾನಾಗಿಯೇ ಸೇರಿಸುತ್ತಿತ್ತು. ಅದನ್ನು ಅಳಿಸುವುದಕ್ಕೆ ಸಾಧ್ಯವಿದ್ದರೂ ಅನೇಕರು ಅಳಿಸಲಿಲ್ಲ. ಕೆಲವರಿಗೆ ಅದು ಕಾಗುಣಿತದ ತಪ್ಪಿಗೆ ಕ್ಷಮಾಪಣೆ, ಕೆಲವರಿಗೆ ಕೊರಳಿನ ಸರದಂತೆ ಅಲಂಕಾರ.

ಈ ಕಥೆಯನ್ನು ಓದಿದವರಿಗೆ ತಾವೂ ಹಾಗೆಯೇ ಮಾಡಿದರೆ ಹಾಗೆಯೇ ಆಗುವುದೆಂಬ ಭ್ರಮೆ ಹುಟ್ಟುತ್ತದೆ. ನನಗೂ ಹುಟ್ಟಿತ್ತು. ಆದರೆ ವಿಚಾರಮಾಡಿ ನೋಡಿದರೆ ಹಾಟ್‌ಮೇಲಿನ ಸಾಲಿಗೆ ಒಂದು ವಿಶೇಷ ಅನುಕೂಲವಿತ್ತು. ಮಾರುತ್ತಿದ್ದ ವಸ್ತು ಯಾವುದೋ ಅದೇ ವಸ್ತುವಿನ ಮೂಲಕ ಕಾಗದ ಬಂದಿತ್ತು. ಓದುವವನ ಕೈಯಲ್ಲಿದ್ದ ಪತ್ರವೇ ಸರಕಿನ ಮಾದರಿ. ಕಳುಹಿಸಿದವನೋ ಗೊತ್ತಿದ್ದವನು. ಕೊಳ್ಳುವುದಕ್ಕೆ ಕಾಸು ಬೇಡ, ಒಂದು ಸಲ ಒತ್ತಿದರೆ ಮುಗಿಯಿತು. ಬೆಣ್ಣೆ ಮಾರುವವನು ಈ-ಮೇಲ್ ಕಳುಹಿಸಿದರೆ ಅದರಲ್ಲಿ ಬೆಣ್ಣೆಯ ರುಚಿ ಬರುತ್ತದೆಯೆ? ಆದುದರಿಂದ ನಮ್ಮಂಥವರ ರುಜು ಹಾಟ್‌ಮೇಲಿನಂತೆ ಊರೆಲ್ಲ ಹಬ್ಬುವುದಿಲ್ಲ. ಅದರ ಕೆಲಸ ಬೇರೆ. ಈಗಾಗಲೇ ನಮ್ಮ ಕಡೆ ಮುಖ ತಿರುಗಿಸಿರುವ ಒಬ್ಬ ಗಿರಾಕಿಗೆ ಮುಂದಿನ ಹೆಜ್ಜೆಯನ್ನು ಸುಲಭಮಾಡಿಕೊಡುವುದು ಅದರ ಕೆಲಸ. ಈ ಭೇದವನ್ನು ತಿಳಿಯುವುದಕ್ಕೆ ಮುಂಚೆ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು.

ನಮ್ಮ ಚಿಕ್ಕಪ್ಪನವರು ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರು. ಆಲೆಮರದ ತುಂಡನ್ನು ಲೇತಿಗೆ ಕೊಟ್ಟು ಕಡೆದು, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಆ ಕಾವಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ. ಎರಡು ಲೇತು, ಇಬ್ಬರು ಆಳು, ಇಷ್ಟೇ ಅವರ ಕಾರ್ಖಾನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದುದರಿಂದ ಅವರ ಈ-ಮೇಲ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ನಾನು ಉತ್ಸಾಹದಿಂದ ಮೊಬೈಲಿನಲ್ಲಿ ಒಂದು ಭರ್ಜರಿ ರುಜುವನ್ನು ತಯಾರಿಸಿದೆ. ಹಳದಿ ಹಿನ್ನೆಲೆ, ಎಡಕ್ಕೆ ಮರದ ಕುದುರೆ, ಬಲಕ್ಕೆ ಚಿಕ್ಕಪ್ಪನವರ ಹೆಸರು, ವಿಳಾಸ, ದೂರವಾಣಿ ಸಂಖ್ಯೆ, ಎಲ್ಲವೂ ಸೇರಿ ಒಂದೇ ಚಿತ್ರ. ಮದುವೆಯ ಲಗ್ನಪತ್ರಿಕೆಯಂತೆ ಕಾಣುತ್ತಿತ್ತು.

ದಸರಾ ಸಮೀಪಿಸುತ್ತಿದ್ದಾಗ ಬೆಂಗಳೂರಿನ ಒಂದು ಕಚೇರಿಯವರು ಉಡುಗೊರೆ ಕೊಡುವುದಕ್ಕಾಗಿ ನಾನೂರು ಲೇಖನಿಕಂಬಗಳ ದರ ಕೇಳಿ ಬರೆದರು. ನಾನು ದರ ತಿಳಿಸಿ, ‘ಒಪ್ಪಿಗೆಯಾದರೆ ಕೆಳಗಿನ ಸಂಖ್ಯೆಗೆ ಕರೆಮಾಡಿರಿ’ ಎಂದು ಬರೆದು ಕಳುಹಿಸಿದೆ. ಅಷ್ಟರಲ್ಲಿ ಕಿರುಪರೀಕ್ಷೆ ಬಂದಿತು. ಐದನೆಯ ದಿನ ಅಂಚೆಪೆಟ್ಟಿಗೆಯನ್ನು ತೆರೆದರೆ ಅವರಿಂದ ಎರಡು ಪತ್ರಗಳು. ಮೊದಲನೆಯದು ನಾನು ಬರೆದ ದಿನವೇ ಬಂದುದು: ಕೆಳಗೆ ಯಾವ ಸಂಖ್ಯೆಯೂ ಕಾಣಿಸುತ್ತಿಲ್ಲ, ದಯವಿಟ್ಟು ತಿಳಿಸಿ. ಎರಡನೆಯದು ಮೂರು ದಿನದ ಮೇಲಿನದು: ಸಮಯ ಮೀರುತ್ತಿರುವುದರಿಂದ ಬೇರೆ ಕಡೆ ಆರ್ಡರ್ ಕೊಟ್ಟೆವು. ಎರಡೂ ಲೇತಿಗೆ ಮೂರು ವಾರದ ಕೆಲಸ ಹಾಗೆ ಕೈಬಿಟ್ಟುಹೋಯಿತು. ಚಿಕ್ಕಪ್ಪನವರು, ‘ಹೋಗ್ಲಿ ಬಿಡವ್ವಾ, ನಮಗೆ ಬರೆದಿರಲಿಲ್ಲ’ ಎಂದರು. ಬೈದಿದ್ದರೆ ಸುಲಭವಾಗುತ್ತಿತ್ತು.

ಆಮೇಲೆ ಕಾರಣವನ್ನು ಹುಡುಕಿದೆ. ಪತ್ರದೊಳಗಿನ ಚಿತ್ರ ಅನೇಕ ವೇಳೆ ಪತ್ರದ ಜೊತೆ ಬರುವುದಿಲ್ಲ. ಬೇರೆಲ್ಲೋ ಇರುವ ಚಿತ್ರವನ್ನು ಓದುವವನ ಯಂತ್ರ ಆಗ ತರಿಸಿಕೊಳ್ಳಬೇಕು. ಹೀಗೆ ತರಿಸಿಕೊಂಡರೆ ‘ಇವನು ಪತ್ರವನ್ನು ತೆರೆದ’ ಎಂಬ ಸುಳಿವು ಕಳುಹಿಸಿದವನಿಗೆ ಸಿಗುತ್ತದೆ. ಮೋಸಗಾರರೂ ಈ ಉಪಾಯವನ್ನು ಬಳಸುವುದರಿಂದ ಅನೇಕ ಕಚೇರಿಗಳ ಅಂಚೆವ್ಯವಸ್ಥೆ ಅಪರಿಚಿತರ ಚಿತ್ರಗಳನ್ನು ತಡೆಹಿಡಿಯುತ್ತದೆ. ನಮ್ಮ ಕುದುರೆಯೂ ಸಂಖ್ಯೆಯೂ ಹೀಗೆ ಬಾಗಿಲಲ್ಲೇ ನಿಂತವು. ಚಿತ್ರ ಕಂಡರೂ ತೊಂದರೆ ತಪ್ಪದು. ಚಿತ್ರದೊಳಗಿನ ಸಂಖ್ಯೆಯನ್ನು ಬೆರಳಿನಿಂದ ಒತ್ತಿದರೆ ಕರೆ ಹೋಗುವುದಿಲ್ಲ. ಆರು ತಿಂಗಳ ಮೇಲೆ ಹಳೆಯ ಪತ್ರಗಳಲ್ಲಿ ‘ಚನ್ನಪಟ್ಟಣ’ ಎಂದು ಹುಡುಕಿದರೆ ಅದು ಸಿಗುವ ನಂಬಿಕೆಯಿಲ್ಲ. ಕಣ್ಣು ಕಾಣದವರಿಗಾಗಿ ಪತ್ರವನ್ನು ಗಟ್ಟಿಯಾಗಿ ಓದುವ ಸಾಧನಕ್ಕೆ ಅದು ಬರಿಯ ‘ಚಿತ್ರ’. ಇಷ್ಟೆಲ್ಲಾ ಹೇಳಿದ ಮೇಲೆ ಸೂತ್ರ ಸರಳವಾಗಿದೆ. ಹೆಸರು, ಊರು, ಸಂಖ್ಯೆ ಅಕ್ಷರಗಳಲ್ಲಿಯೇ ಇರಬೇಕು. ಚಿತ್ರ ಬೇಕೇಬೇಕೆಂದರೆ ಚಿಕ್ಕದೊಂದು ಇರಲಿ, ಅದು ಬಾರದಿದ್ದರೂ ಪತ್ರಕ್ಕೆ ಏನೂ ಊನವಾಗದಂತಿರಲಿ, ಅದರ ಹಿಂದೆ ಬದಲಿ ಬರಹವೊಂದನ್ನು ಸೇರಿಸಿರಲಿ.

ನನ್ನ ಆ ಚಿತ್ರದಲ್ಲಿ ಇನ್ನೊಂದು ತಪ್ಪೂ ಇತ್ತು. ಅದನ್ನು ಯಾರೂ ಹಿಡಿಯಲಿಲ್ಲವೆಂಬುದು ನನ್ನ ಅದೃಷ್ಟ. ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚಿಯ ನೋಂದಣಿಯಿದೆ. ಅದನ್ನು ನೆನೆದು ನಾನು ಹೆಸರಿನ ಕೆಳಗೆ ‘ಜಿ.ಐ. ಮಾನ್ಯತೆ ಪಡೆದ’ ಎಂದು ಬರೆದುಬಿಟ್ಟಿದ್ದೆ. 1999ರ ಭೌಗೋಳಿಕ ಸೂಚಿಗಳ ಕಾಯಿದೆಯ ಪ್ರಕಾರ ಆ ಸೂಚಿಯನ್ನು ಬಳಸುವ ಹಕ್ಕು ಅಧಿಕೃತ ಬಳಕೆದಾರರೆಂದು ಹೆಸರು ನೋಂದಾಯಿಸಿಕೊಂಡವರಿಗೆ ಸೇರಿದ್ದು. ಚಿಕ್ಕಪ್ಪನವರ ಗೊಂಬೆ ಅಪ್ಪಟ ಚನ್ನಪಟ್ಟಣದ್ದೇ, ಆದರೆ ಅವರ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಆ ಸಾಲನ್ನು ತೆಗೆದೆ. ಅರ್ಜಿಯ ಕಾಗದಗಳನ್ನು ಈಗ ಒಟ್ಟುಮಾಡುತ್ತಿದ್ದೇವೆ.

ಕಾನೂನಿನ ಮಾತು ಬಂದುದರಿಂದ ಇನ್ನೆರಡು ಸಂಗತಿಗಳು. ನಮ್ಮ ದೇಶದ 2013ರ ಕಂಪನಿ ಕಾಯಿದೆಯ 12ನೆಯ ಪ್ರಕರಣದಂತೆ ಕಂಪನಿಗಳು ತಮ್ಮ ವ್ಯವಹಾರಪತ್ರಗಳಲ್ಲಿ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ತಮ್ಮ ಗುರುತಿನ ಸಂಖ್ಯೆ, ದೂರವಾಣಿ ಮುಂತಾದುವನ್ನು ಕೊಡಲೇಬೇಕು. ಆ ಗುರುತಿನ ಸಂಖ್ಯೆ 21 ಅಕ್ಷರಾಂಕಗಳ ಉದ್ದ. ದೊಡ್ಡ ಕಂಪನಿಗಳ ಈ-ಮೇಲಿನ ಬುಡದಲ್ಲಿ ಕಾಣುವ ಆ ಅರ್ಥವಾಗದ ಸಾಲು ಇದೇ. ಚಿಕ್ಕಪ್ಪನವರಂಥ ಒಬ್ಬಂಟಿ ವ್ಯಾಪಾರಿಗೆ ಇದು ಅನ್ವಯಿಸದು. ಬ್ರಿಟನ್ನಿನಲ್ಲಿ 2007ರ ಜನವರಿ 1ರಿಂದ ಕಂಪನಿಗಳ ಈ-ಮೇಲ್‌ಗಳೂ ಇಂಥ ನಿಯಮಕ್ಕೆ ಒಳಪಟ್ಟವು. ಅಮೆರಿಕದ 2003ರ ಕಾಯಿದೆಯೊಂದು, ಪ್ರಚಾರಕ್ಕಾಗಿಯೇ ಕಳುಹಿಸುವ ಈ-ಮೇಲಿನಲ್ಲಿ ಅಂಚೆಯ ವಿಳಾಸವೂ ‘ನನಗೆ ಇನ್ನು ಕಳುಹಿಸಬೇಡಿ’ ಎನ್ನುವ ದಾರಿಯೂ ಇರಬೇಕೆಂದು ವಿಧಿಸಿದೆ. ಆದರೆ ‘ಈ ಪತ್ರ ಗೋಪ್ಯವಾದುದು, ತಪ್ಪಿ ನಿಮಗೆ ಬಂದಿದ್ದರೆ...’ ಎಂದು ಮುಕ್ಕಾಲು ಪುಟ ಎಳೆಯುವ ಎಚ್ಚರಿಕೆಗಳನ್ನು, ನಾಳೆ ಹತ್ತು ಗಂಟೆಗೆ ಸಭೆ ಎಂಬ ಒಂದು ಸಾಲಿನ ಪತ್ರಕ್ಕೂ ಕಟ್ಟುವುದೇಕೋ ನನಗೆ ತಿಳಿಯದು. ಹಿಟ್ಟಿಗಿಂತ ಹೊಟ್ಟು ಹೆಚ್ಚಾದಂತೆ ಆಗುತ್ತದೆ.

ಇಷ್ಟಾದರೂ ರುಜುವಿನ ಪ್ರಚಾರಶಕ್ತಿಯನ್ನು ಅಲ್ಲಗಳೆಯಬೇಕಾದುದಿಲ್ಲ. ಒಂದು ಲೆಕ್ಕ ಹಾಕೋಣ. ಅಂಗಡಿಯಲ್ಲಿ ಮೂವರು ದಿನಕ್ಕೆ ಹತ್ತು ಪತ್ರಗಳಂತೆ ವರ್ಷದಲ್ಲಿ ಮುನ್ನೂರು ದಿನ ಬರೆದರೆ ಒಂಬತ್ತು ಸಾವಿರ ಪತ್ರಗಳಾದುವು. ಒಂಬತ್ತು ಸಾವಿರ ಕರಪತ್ರಗಳನ್ನು ಅಚ್ಚುಹಾಕಿಸಿ ಬಸ್ ನಿಲ್ದಾಣದಲ್ಲಿ ಹಂಚಿದರೆ ಅರ್ಧಕ್ಕರ್ಧ ಅಲ್ಲೇ ಕಾಲಡಿ ಬೀಳುತ್ತವೆ. ಇವಾದರೋ ವ್ಯವಹಾರವಿದ್ದವರೇ ತೆರೆದು ಓದುವ ಪತ್ರಗಳು, ಖರ್ಚೂ ಇಲ್ಲ. ಆದರೆ ಅಲ್ಲಿ ಹೇಳುವ ಮಾತು ಒಂದೇ ಇರಬೇಕು. ಹಬ್ಬದ ರಿಯಾಯಿತಿ, ಹೊಸ ಸರಕು, ನಾಲ್ಕು ಸಾಮಾಜಿಕ ತಾಣಗಳ ಕೊಂಡಿ, ಒಂದು ಸುಭಾಷಿತ ಎಲ್ಲವನ್ನೂ ತುರುಕಿದರೆ ಯಾವುದನ್ನೂ ಒತ್ತುವುದಿಲ್ಲ. ದಸರಾ ರಿಯಾಯಿತಿಯ ಸಾಲು ಸಂಕ್ರಾಂತಿಯಲ್ಲೂ ಇದ್ದರಂತೂ ಅಂಗಡಿಯವನು ನಿದ್ದೆಮಾಡುತ್ತಿದ್ದಾನೆಂದು ಸಾರಿದಂತೆ. ಉತ್ತರ ಪ್ರತ್ಯುತ್ತರಗಳ ಸರಣಿಯಲ್ಲಿ ಪ್ರತಿ ಸಲವೂ ಪೂರ್ಣ ರುಜು ಬಂದರೆ ಬೇಸರ ಹುಟ್ಟುವುದು ಸಹಜ. ಹೊಸ ಪತ್ರಕ್ಕೊಂದು, ಉತ್ತರಕ್ಕೊಂದು ಎಂದು ಬೇರೆ ಬೇರೆ ರುಜುಗಳನ್ನು ಗೊತ್ತುಮಾಡುವ ಅವಕಾಶ ಜಿಮೇಲಿನಲ್ಲಿಯೇ ಇದೆ; ಉತ್ತರಕ್ಕೆ ಹೆಸರೂ ಸಂಖ್ಯೆಯೂ ಸಾಕು.

ಫಲ ಬಂತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ದೊಡ್ಡವರು ಕೊಂಡಿಯ ತುದಿಗೆ ಒಂದು ಗುರುತಿನ ಬಾಲವನ್ನು ಸೇರಿಸಿ, ರುಜುವಿನ ಮೂಲಕ ಎಷ್ಟು ಜನ ಬಂದರೆಂದು ಎಣಿಸುತ್ತಾರೆ. ನಮ್ಮಲ್ಲಿ ಅಷ್ಟು ಏರ್ಪಾಡಿಲ್ಲ. ಆರ್ಡರ್ ಪುಸ್ತಕದಲ್ಲಿ ‘ಹೇಗೆ ತಿಳಿಯಿತು?’ ಎಂಬ ಒಂದು ಹೊಸ ಅಂಕಣವನ್ನು ಗೆರೆ ಎಳೆದು ಮಾಡಿದ್ದೇನೆ. ಇದುವರೆಗೆ ಅದರಲ್ಲಿ ಹೆಚ್ಚಾಗಿರುವುದು ‘ಸ್ನೇಹಿತರು ಹೇಳಿದರು’ ಎಂಬುದೇ. ಎರಡು ಕಡೆ ಮಾತ್ರ ‘ಹಳೆಯ ಮೇಲಿನಲ್ಲಿ ನಂಬರ್ ಸಿಕ್ಕಿತು’ ಎಂದಿದೆ. ಅಂಥ ಒಂದು ಆರ್ಡರ್ ಅರವತ್ತು ಬುಗುರಿಗಳದ್ದು.

ಈಗಿನ ನಮ್ಮ ರುಜು ಹೀಗಿದೆ. ಮೊದಲ ಸಾಲಿನಲ್ಲಿ ಚಿಕ್ಕಪ್ಪನವರ ಹೆಸರು. ಎರಡನೆಯದರಲ್ಲಿ ‘ಅರಗಿನ ಬಣ್ಣದ ಮರದ ಗೊಂಬೆಗಳು, ಚನ್ನಪಟ್ಟಣ’. ಮೂರನೆಯದರಲ್ಲಿ ಒತ್ತಿದರೆ ಕರೆ ಹೋಗುವ ಸಂಖ್ಯೆ. ನಾಲ್ಕನೆಯದರಲ್ಲಿ ಗೊಂಬೆಗಳ ಪಟ್ಟಿಯನ್ನು ವಾಟ್ಸಾಪಿನಲ್ಲಿ ತೆರೆಯುವ ಕೊಂಡಿ. ಎಲ್ಲವೂ ಇಂಗ್ಲಿಷ್ ಅಕ್ಷರಗಳಲ್ಲಿ. ಇದನ್ನು ನನಗೇ ಕಳುಹಿಸಿಕೊಂಡು, ಚಿತ್ರಗಳನ್ನು ತಡೆಹಿಡಿದು, ಗೆಳತಿಯೊಬ್ಬಳ ಹಳೆಯ ಫೋನಿನಲ್ಲಿಯೂ ತೆರೆದು ಪರೀಕ್ಷಿಸಿದ ಮೇಲೆ ಚಿಕ್ಕಪ್ಪನವರಿಗೆ ತೋರಿಸಿದೆ. ಅವರು ಅರಗಿನ ಕೈಯನ್ನು ಪಂಚೆಗೆ ಒರೆಸಿಕೊಂಡು, ಫೋನನ್ನು ದೂರ ಹಿಡಿದು ನೋಡಿ, ‘ಎಲ್ಲಾ ಸರಿ ಕಣವ್ವಾ. ಇದರಲ್ಲಿ ನನ್ನ ಹೆಸರು ಯಾವುದು?’ ಎಂದು ಕೇಳಿದರು. ಅವರಿಗೆ ಓದಲು ಬರುವುದು ಕನ್ನಡವೊಂದೇ.

ಅಂದೇ ಎಲ್ಲಕ್ಕಿಂತ ಮೇಲೆ ಕನ್ನಡದಲ್ಲಿ ಅವರ ಹೆಸರನ್ನು ಸೇರಿಸಿದೆ. ಒಟ್ಟು ಐದು ಸಾಲುಗಳಾದುವು.